ಬೆಂಬಲ ಬೆಲೆ ಹೇಳುವ ದಿನವೇ ಆಮದಿನ ಲೆಕ್ಕವನ್ನೂ ಹೇಳಿ

ಮಾನ್ಯ ಸಂಪಾದಕರೇ,

ತೊಗರಿ ದರ ಬಿದ್ದಾಗಲೆಲ್ಲ ನಮ್ಮ ಕಡೆ ಮೊದಲು ಬೈಸಿಕೊಳ್ಳುವವರು ಗಂಜ್‌ನ, ಅಂದರೆ ಧಾನ್ಯ ಮಾರುಕಟ್ಟೆಯ, ಅಡತ್ (ದಲ್ಲಾಳಿ) ಅಂಗಡಿಯವರು. ನಂತರ ದಾಲ್ ಮಿಲ್ ಮಾಲೀಕರು. ಅದೂ ಸಾಕಾಗದಿದ್ದರೆ ಎಂಎಲ್‌ಎ. ನಾನು ಆಳಂದ ತಾಲ್ಲೂಕಿನ ತೊಗರಿ ಬೆಳೆಗಾರ. ಹೊಲಕ್ಕೆ ವಾಪಸ್ ಬರುವ ಮೊದಲು ಕಲಬುರಗಿಯ ನೆಹರೂ ಗಂಜ್‌ನಲ್ಲಿ ಒಂದು ಅಡತ್ ಅಂಗಡಿಯ ಲೆಕ್ಕ ಬರೆಯುತ್ತಿದ್ದೆ. ಹಾಗಾಗಿ ಚೀಲ ತಂದವನ ಮುಖವನ್ನೂ ನೋಡಿದ್ದೇನೆ, ಚೀಲ ಕೊಂಡವನ ವಹಿಯನ್ನೂ ನೋಡಿದ್ದೇನೆ. ಅಡತ್‌ನವರು ಸಾಚಾ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ತೂಕದಲ್ಲಿ, ಕಡಿತದಲ್ಲಿ ಅವರು ಮಾಡುವುದನ್ನು ಮಾಡೇ ಮಾಡುತ್ತಾರೆ. ಆದರೆ ಇಡೀ ಜಿಲ್ಲೆಯ ದರವನ್ನು ಕ್ವಿಂಟಲ್‌ಗೆ ಸಾವಿರ ರೂಪಾಯಿ ಇಳಿಸುವ ತಾಕತ್ತು ಅವರಿಗಿಲ್ಲ. ಆ ತಾಕತ್ತು ಇರುವುದು ದೆಹಲಿಯಿಂದ ಹೊರಡುವ ಒಂದು ಪುಟದ ಆದೇಶಕ್ಕೆ.

ಗಂಜ್‌ನಲ್ಲಿ ಬೆಳಿಗ್ಗೆ ಟೆಂಡರ್ ಶುರುವಾಗುವ ಮೊದಲು ಖರೀದಿದಾರರು ಮೊಬೈಲ್‌ನಲ್ಲಿ ನೋಡುವುದು ಆಳಂದದ ಮಳೆಯನ್ನಲ್ಲ, ಜೇವರ್ಗಿಯ ಇಳುವರಿಯನ್ನೂ ಅಲ್ಲ. ಮುಂಬೈ, ಚೆನ್ನೈ ಬಂದರಿನ ದರ. "ಲೆಮನ್ ಎಷ್ಟು, ಗಜ್ರಿ ಎಷ್ಟು" ಎಂದು ಕೇಳುತ್ತಾರೆ. ಲೆಮನ್ ಅಂದರೆ ನಿಂಬೆಹಣ್ಣಲ್ಲ, ಮ್ಯಾನ್ಮಾರ್‌ನಿಂದ ಬರುವ ತೊಗರಿ. ಗಜ್ರಿ ಮೊಜಾಂಬಿಕ್‌ನದು. ಮಟ್ವಾರಾ, ಅರುಷಾ ಟಾಂಜಾನಿಯಾದವು. ಈ ಹೆಸರುಗಳು ಗಂಜ್‌ನ ಹಮಾಲರಿಗೂ ಗೊತ್ತು, ಬೆಳೆಯುವ ನಮಗೆ ಮಾತ್ರ ಗೊತ್ತಿಲ್ಲ. ಆಫ್ರಿಕಾದ ಮಾಲು ಹೆಚ್ಚಾಗಿ ನಮ್ಮ ರಾಶಿಗೆ ಸ್ವಲ್ಪ ಮೊದಲು ಬಂದು ಗೋದಾಮು ತುಂಬುತ್ತದೆ. ಮ್ಯಾನ್ಮಾರ್‌ನಲ್ಲಿ ಕೊಯ್ಲು ನಡೆಯುವುದು ಸುಮಾರು ನಮ್ಮ ಕೊಯ್ಲಿನ ಹೊತ್ತಿಗೇ. ಅಂದರೆ ನಾವು ಚೀಲ ಹೊತ್ತುಕೊಂಡು ಗಂಜ್‌ಗೆ ಹೋಗುವಾಗ ಕೊಳ್ಳುವವನಿಗೆ ಅವಸರವೇ ಇರುವುದಿಲ್ಲ.

2025ರ ಎಳ್ಳ ಅಮಾವಾಸ್ಯೆ ಮುಗಿದು ರಾಶಿ ಶುರುವಾಯಿತು. ಆ ವರ್ಷ ಆಗಸ್ಟ್, ಸೆಪ್ಟೆಂಬರ್ ಮಳೆಗೆ, ಭೀಮಾ ಪ್ರವಾಹಕ್ಕೆ ಸಾಕಷ್ಟು ಕಡೆ ತೊಗರಿ ನೀರಲ್ಲಿ ನಿಂತು ಕೊಳೆತು ಹೋಯಿತು. ಉಳಿದಿದ್ದರಲ್ಲಿ ಗಿಡ ಒಣಗಿಸುವ ನೆಟೆ ರೋಗ ತನ್ನ ಪಾಲು ತೆಗೆದುಕೊಂಡಿತು. ನಮ್ಮ ಅಪ್ಪನ ಕಾಲದ ಲೆಕ್ಕದ ಪ್ರಕಾರ ಬೆಳೆ ಕಡಿಮೆಯಾದ ವರ್ಷ ದರ ಏರಬೇಕು, ಅಲ್ವಾ? ಏರಲಿಲ್ಲ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ, ಮಾರುಕಟ್ಟೆ ಅದಕ್ಕಿಂತ ಕೆಳಗೇ ಓಡಾಡುತ್ತಿತ್ತು. 2024ರಲ್ಲಿ ಇದೇ ಗಂಜ್‌ನಲ್ಲಿ ಹತ್ತು ಸಾವಿರ ದಾಟಿದ ದರ ನೋಡಿದವರು ನಾವು. ಆ ದರ ನೋಡಿಯೇ ಎಷ್ಟೋ ಜನ ಹೆಸರು, ಸೋಯಾ ಬಿಟ್ಟು ತೊಗರಿ ಜಾಸ್ತಿ ಬಿತ್ತಿದರು.

ಇದರ ಹಿಂದಿನ ಕತೆ ಸ್ವಲ್ಪ ಉದ್ದ ಇದೆ, ಆದರೆ ಹೇಳದೆ ಇರಲಾಗದು.

2015ರ ಕೊನೆಗೆ ಕೆಲವು ನಗರಗಳಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ದೇಶದಲ್ಲಿ ಗದ್ದಲವೋ ಗದ್ದಲ. ಆ ಗಾಬರಿಯಲ್ಲಿ ಸರ್ಕಾರ ಎರಡು ಕೆಲಸ ಮಾಡಿತು. ಒಂದು, ರೈತರಿಗೆ ಬೇಳೆಕಾಳು ಬಿತ್ತಿರಿ ಎಂದು ಹೇಳಿ ಬೋನಸ್ ಸೇರಿಸಿ ಬೆಂಬಲ ಬೆಲೆಯನ್ನು 5,050ಕ್ಕೆ ಏರಿಸಿತು. ಇನ್ನೊಂದು, 2016ರ ಜುಲೈನಲ್ಲಿ ಪ್ರಧಾನಿ ಮೊಜಾಂಬಿಕ್‌ಗೆ ಹೋದಾಗ ತೊಗರಿಯ ಒಪ್ಪಂದಕ್ಕೆ ಸಹಿ ಬಿತ್ತು. ಮೊದಲ ವರ್ಷ 1 ಲಕ್ಷ ಟನ್, ಐದನೇ ವರ್ಷಕ್ಕೆ 2 ಲಕ್ಷ ಟನ್. ಜುಲೈ ಅಂದರೆ ನಾವು ಬಿತ್ತಿ ಮುಗಿಸಿದ ತಿಂಗಳು. ಆ ವರ್ಷ ಮಳೆಯೂ ಚೆನ್ನಾಗಿತ್ತು, ರೈತರೂ ಮಾತು ಕೇಳಿದ್ದರು. ಹಿಂದಿನ ವರ್ಷ ದೇಶದ ತೊಗರಿ 25 ಲಕ್ಷ ಟನ್‌ಗೆ ಸ್ವಲ್ಪ ಮೇಲಿತ್ತು, 2016-17ರಲ್ಲಿ 48 ಲಕ್ಷ ಟನ್ ದಾಟಿತು. ಆಮೇಲೆ ಆಗಿದ್ದು ಎಲ್ಲರಿಗೂ ನೆನಪಿದೆ. ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಸಾಲು, ಚೀಲದ ಮೇಲೆ ಮಲಗಿದ ಜನ, ಗೋಣಿ ಚೀಲ ಬಂದಿಲ್ಲ ನಾಳೆ ಬನ್ನಿ ಎಂಬ ಮಾತು. ದರ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಹೋಯಿತು. 2017ರ ಮಾರ್ಚ್‌ನಲ್ಲಿ ಶೇ 10ರಷ್ಟು ಆಮದು ಸುಂಕ ಹಾಕಿದರು, ಆಗಸ್ಟ್‌ನಲ್ಲಿ ವರ್ಷಕ್ಕೆ 2 ಲಕ್ಷ ಟನ್ ಮಾತ್ರ ಎಂದು ಮಿತಿ ಹಾಕಿದರು. ಅಷ್ಟೊತ್ತಿಗೆ ನಮ್ಮ ಮಾಲು ಹೋಗಿ ತಿಂಗಳುಗಳಾಗಿದ್ದವು. ಆ ಮಿತಿ ಮೊಜಾಂಬಿಕ್ ಒಪ್ಪಂದದ ಮಾಲಿಗೆ ಅನ್ವಯಿಸುತ್ತಿರಲಿಲ್ಲ, ಅದು ಬೇರೆ ಮಾತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕೆಲವು ಸಂಘಟನೆಯವರು ಭಾಷಣದಲ್ಲಿ ಆಫ್ರಿಕಾದ ರೈತರನ್ನೇ ಕಳ್ಳರ ಹಾಗೆ ಬೈಯುತ್ತಾರೆ. ಅದು ಸರಿಯಲ್ಲ. ಮೊಜಾಂಬಿಕ್‌ನಲ್ಲಿ ತೊಗರಿ ತಿನ್ನುವವರು ಕಡಿಮೆ, ಅವರು ಹೆಚ್ಚಾಗಿ ಬೆಳೆಯುವುದೇ ನಮಗಾಗಿ. 2017ರಲ್ಲಿ ನಾವು ಬಾಗಿಲು ಎಳೆದಾಗ ಅಲ್ಲಿಯೂ, ಮಲಾವಿ, ಟಾಂಜಾನಿಯಾದಲ್ಲಿಯೂ ದರ ನೆಲ ಕಚ್ಚಿತು. ಭಾರತ ಕೊಳ್ಳುತ್ತೆ ಎಂದು ನಂಬಿ ಬಿತ್ತಿದ್ದ ಸಣ್ಣ ಹಿಡುವಳಿಯವರು ಅವರೂ. ಕಲಬುರಗಿಯಲ್ಲಿ ಅತ್ತವನೂ, ಅಲ್ಲಿ ಅತ್ತವನೂ ಒಂದೇ ಕಾಗದದಿಂದ ಅತ್ತರು. 2023ರ ಕೊನೆಗೆ ಮೊಜಾಂಬಿಕ್‌ನ ನಕಾಲಾ ಬಂದರಿನಲ್ಲಿ ರಫ್ತುದಾರರ ಜಗಳದಿಂದ ನಮಗೆ ಬರಬೇಕಾದ ತೊಗರಿ ಸಿಕ್ಕಿಹಾಕಿಕೊಂಡಿತು, ಇಲ್ಲಿ ದರ ಏರಿತು. ಆಗ ದೆಹಲಿಯ ಅಧಿಕಾರಿಗಳು ಆ ಸರ್ಕಾರದ ಜೊತೆ ಮಾತಾಡಿ ಹಡಗು ಬಿಡಿಸುವುದಕ್ಕೆ ಎಷ್ಟು ಓಡಾಡಿದರು ಎಂಬುದನ್ನು ಪತ್ರಿಕೆಯಲ್ಲಿ ಓದಿದ್ದೇನೆ. ನಮ್ಮ ಖರೀದಿ ಕೇಂದ್ರದಲ್ಲಿ ಗೋಣಿ ಚೀಲ ಇಲ್ಲದಾಗ ಅದರಲ್ಲಿ ಕಾಲು ಭಾಗ ಓಡಾಡಿದ್ದರೆ ಸಾಕಿತ್ತು.

2021 ಬಂತು. ಕೊರೋನಾ ಕಾಲ, ದರ ಏರಿಕೆಯ ಭಯ. ಆ ವರ್ಷ ಮೇ 15ರಂದು ತೊಗರಿ ಆಮದಿನ ಮೇಲಿದ್ದ ಮಿತಿ ತೆಗೆದರು. ಅದೇ ವರ್ಷ ಮೊಜಾಂಬಿಕ್ ಒಪ್ಪಂದವನ್ನು ಇನ್ನೂ ಐದು ವರ್ಷ ಮುಂದುವರಿಸಿದರು, ವರ್ಷಕ್ಕೆ 2 ಲಕ್ಷ ಟನ್. ಮ್ಯಾನ್ಮಾರ್ ಜೊತೆ ಹೊಸ ಒಪ್ಪಂದ, ವರ್ಷಕ್ಕೆ ಎರಡೂವರೆ ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ. ಮಲಾವಿ ಜೊತೆ 50 ಸಾವಿರ ಟನ್ ತೊಗರಿ. ಎಲ್ಲ ಸೇರಿ ತೊಗರಿ ಮೂರೂವರೆ ಲಕ್ಷ ಟನ್. ಈ ಮೂರೂವರೆ ಲಕ್ಷಕ್ಕೆ ನನ್ನ ತಕರಾರಿಲ್ಲ, ನಿಜವಾಗಿ. ದೇಶ ವರ್ಷಕ್ಕೆ ಸುಮಾರು 35 ಲಕ್ಷ ಟನ್ ತೊಗರಿ ಬೆಳೆಯುತ್ತದೆ, ತಿನ್ನುವುದು ಅದಕ್ಕಿಂತ ಜಾಸ್ತಿ. ಕೊರತೆ ಇದ್ದದ್ದಕ್ಕೆ ತರಿಸಿದರೆ ಯಾರು ಬೇಡ ಅನ್ನುತ್ತಾರೆ? ನಮ್ಮ ಹೊಲಕ್ಕೆ ಬರುವ ಕೂಲಿಯವರೂ ಅಂಗಡಿಯಿಂದ ಬೇಳೆ ಕೊಳ್ಳುವವರೇ.

ಆದರೆ 2024-25ರಲ್ಲಿ ದೇಶಕ್ಕೆ ಬಂದ ತೊಗರಿ ಮೂರೂವರೆ ಲಕ್ಷ ಅಲ್ಲ, ಸುಮಾರು 12 ಲಕ್ಷ ಟನ್. ಎಲ್ಲ ಬೇಳೆಕಾಳು ಸೇರಿ 70 ಲಕ್ಷ ಟನ್ ದಾಟಿತು. ಅಲ್ಲಿಗೆ ಒಪ್ಪಂದ ಅನ್ನುವುದು ಕನಿಷ್ಠ ಅಷ್ಟು, ಅದರ ಮೇಲೆ ಎಷ್ಟು ಬೇಕಾದರೂ ಬರಲಿ ಎಂದಾಯಿತು. ಐದು ವರ್ಷ ಇಷ್ಟು ಟನ್ ತರಿಸುತ್ತೇವೆ ಎಂದು ಹೊರಗಿನವರಿಗೆ ಬರೆದುಕೊಟ್ಟ ಸರ್ಕಾರ, ನಿನ್ನಿಂದ ಇಷ್ಟು ಕ್ವಿಂಟಲ್ ಕೊಳ್ಳುತ್ತೇವೆ ಎಂದು ಐದು ವರ್ಷಕ್ಕೆ ನನ್ನ ಹೆಸರಲ್ಲಿ ಬರೆದುಕೊಟ್ಟಿಲ್ಲ. ನನಗಿರುವುದು ಬೆಂಬಲ ಬೆಲೆ ಎಂಬ ಒಂದು ಸಂಖ್ಯೆ, ನೋಂದಣಿ, ಹೆಬ್ಬೆಟ್ಟು, ತೇವಾಂಶದ ಮಿಷನ್ನು, ದುಡ್ಡಿಗೆ ಕಾಯುವುದು.

ಈಗ ಆ "ಮುಕ್ತ ಆಮದು" ಹೇಗೆ ಮುಂದುವರಿಯುತ್ತದೆ ನೋಡಿ. 2023ರಲ್ಲಿ ಡಿಸೆಂಬರ್ ಕೊನೆಗೆ ಒಂದು ಆದೇಶ, 2025ರ ಮಾರ್ಚ್‌ವರೆಗೆ ವಿಸ್ತರಣೆ. 2025ರಲ್ಲಿ ಜನವರಿಯಲ್ಲಿ ಇನ್ನೊಂದು, 2026ರ ಮಾರ್ಚ್ 31ರವರೆಗೆ. ಎರಡೂ ಸಲ ನಮ್ಮ ಕಣದಲ್ಲಿ ರಾಶಿ ಇತ್ತು. ಅಧಿಕಾರಿಗಳು ಹೇಳಬಹುದು, ಅವಧಿ ಮುಗಿಯುವ ಮೊದಲೇ ಹೇಳಿದ್ದೇವಲ್ಲ, ಮುಂದಿನ ಬಿತ್ತನೆಗೂ ಮೊದಲೇ ಹೇಳಿದ್ದೇವಲ್ಲ ಎಂದು. ಕಾಗದದ ಮೇಲೆ ಸರಿಯೇ. ಆದರೆ ಗಂಜ್‌ನಲ್ಲಿ ಕೂತವನಿಗೆ ಅದು ಹೇಗೆ ಕೇಳಿಸುತ್ತದೆ ಎಂಬುದನ್ನು ನಾನು ಪಕ್ಕದಲ್ಲೇ ಕೂತು ನೋಡಿದವನು. ಏಪ್ರಿಲ್ ನಂತರವೂ ಹೊರಗಿನ ಮಾಲು ಬರುತ್ತದೆ ಎಂದು ಜನವರಿಯಲ್ಲೇ ಗೊತ್ತಾದರೆ ಮಿಲ್‌ನವನು ಈಗ ಯಾಕೆ ಕೊಂಡು ಇಟ್ಟುಕೊಳ್ಳುತ್ತಾನೆ? ಅವತ್ತಿನ ಟೆಂಡರ್‌ನಲ್ಲೇ ಕೈ ಬಿಗಿ ಹಿಡಿಯುತ್ತಾನೆ. ಸಾಲದ ಕಂತು ಕಟ್ಟಬೇಕಾದ ನಾವು ಹಾಗೆ ಕೈ ಬಿಗಿ ಹಿಡಿಯುವ ಹಾಗಿಲ್ಲ.

ಇನ್ನು ದೊಡ್ಡ ವ್ಯಾಪಾರ ಒಪ್ಪಂದಗಳ ವಿಷಯ. ಬ್ರಿಟನ್ ಜೊತೆ 2025ರ ಜುಲೈನಲ್ಲಿ ಸಹಿ ಆಯಿತು, ಆ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡ್ ಜೊತೆ ಮಾತುಕತೆ ಮುಗಿಯಿತು, ಯುರೋಪ್, ಅಮೆರಿಕದ ಜೊತೆ ಆಗ ನಡೆಯುತ್ತಲೇ ಇತ್ತು. ಟಿವಿಯಲ್ಲಿ ಇವುಗಳ ಬಗ್ಗೆಯೇ ಚರ್ಚೆ. ಆದರೆ ಗಮನಿಸಿ, ಈ ದೊಡ್ಡ ಒಪ್ಪಂದಗಳಲ್ಲಿ ನಮ್ಮವರು ಕೃಷಿಯ ವಿಷಯದಲ್ಲಿ ಬಿಗಿಯಾಗಿಯೇ ಇರುತ್ತಾರೆ. ಆಸ್ಟ್ರೇಲಿಯಾ ಜೊತೆ 2022ರಲ್ಲಿ ಜಾರಿಗೆ ಬಂದದ್ದರಲ್ಲಿ ಹಾಲನ್ನು, ಕಡಲೆಯನ್ನು ಹೊರಗಿಟ್ಟರು, ಮಸೂರಕ್ಕೆ ಮಾತ್ರ ಮಿತಿ ಹಾಕಿ ಸುಂಕ ಇಳಿಸಿದರು. ಬ್ರಿಟನ್‌ಗೂ ಹಾಲಿನ ಬಾಗಿಲು ತೆರೆಯಲಿಲ್ಲ, ನ್ಯೂಜಿಲೆಂಡ್‌ಗೂ ತೆರೆಯಲಿಲ್ಲ. 2019ರ ನವೆಂಬರ್‌ನಲ್ಲಿ ಆರ್‌ಸಿಇಪಿ ಎಂಬ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದದಿಂದ ಎದ್ದು ಬಂದದ್ದಕ್ಕೆ ಒಂದು ಕಾರಣ ಹಾಲು ಉತ್ಪಾದಕರ ಕೂಗು. ಅವರಿಗೆ ಸಂಘ ಇದೆ, ಒಕ್ಕೂಟ ಇದೆ, ಊರೂರಿಗೆ ಡೇರಿ ಇದೆ. 2009ರಲ್ಲಿ ಆಗ್ನೇಯ ಏಷ್ಯಾ ದೇಶಗಳ ಆಸಿಯಾನ್ ಕೂಟದ ಜೊತೆಗಿನ ಒಪ್ಪಂದದ ವಿರುದ್ಧ ಕೇರಳದಲ್ಲಿ ಗಾಂಧಿ ಜಯಂತಿಯ ದಿನ ರಾಜ್ಯದುದ್ದಕ್ಕೂ ಮಾನವ ಸರಪಳಿ ಕಟ್ಟಿದರು, ರಬ್ಬರು, ಮೆಣಸು, ತೆಂಗು ಎಂದು. ನಾವು ಕಲ್ಯಾಣ ಕರ್ನಾಟಕದವರು ತೊಗರಿಗಾಗಿ ದೆಹಲಿಗೆ ಕೇಳಿಸುವಷ್ಟು ಏನು ಮಾಡಿದ್ದೇವೆ? ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿತು ಎಂದು ಸನ್ಮಾನ ಮಾಡಿಸಿಕೊಂಡೆವು. ಚೀಲದ ಮೇಲೆ ಆ ಗುರುತು ಹಾಕಿ ಮಾರಿದವರು ಎಷ್ಟು ಮಂದಿ ಇದ್ದಾರೋ, ಹುಡುಕಬೇಕು.

ನಮಗೆ ಪೆಟ್ಟು ಬೀಳುವುದು ವರ್ಷಗಟ್ಟಲೆ ಚರ್ಚೆಯಾಗುವ ಸಾವಿರ ಪುಟದ ಒಪ್ಪಂದದಿಂದ ಅಲ್ಲ ಎಂಬುದೇ ನನ್ನ ಮಾತು. ಎರಡು ಮೂರು ಪುಟದ ತಿಳಿವಳಿಕೆ ಪತ್ರ, ಅದರ ಹಿಂದೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಒಂದು ಅಧಿಸೂಚನೆ. ಇವಕ್ಕೆ ಫೋಟೊ ಇಲ್ಲ, ಸಂಸತ್ತಿನಲ್ಲಿ ಮತ ಇಲ್ಲ. ಅಸಲಿಗೆ ನಮ್ಮಲ್ಲಿ ದೊಡ್ಡ ಒಪ್ಪಂದಕ್ಕೂ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಯುರೋಪ್‌ನಲ್ಲಿ ಅವರ ಸಂಸತ್ತು ಮತ ಹಾಕಬೇಕು. ನಮ್ಮಲ್ಲಿ ಕೃಷಿ ರಾಜ್ಯದ ಪಟ್ಟಿಯಲ್ಲಿದೆ, ಒಪ್ಪಂದ ಕೇಂದ್ರದ ಕೈಯಲ್ಲಿದೆ. ತೊಗರಿ ಬೆಳೆಯುವ ರಾಜ್ಯವನ್ನು ಕೇಳಬೇಕು ಎಂಬ ನಿಯಮ ಎಲ್ಲೂ ಇಲ್ಲ. ಖರ್ಚಿನ ಬಿಲ್ಲು ಮಾತ್ರ ರಾಜ್ಯಕ್ಕೆ ಬರುತ್ತದೆ. 2025ರ ಆರಂಭದಲ್ಲಿ ಬೆಂಬಲ ಬೆಲೆ 7,550 ಇದ್ದಾಗ ಕರ್ನಾಟಕ ಸರ್ಕಾರ ಅದರ ಮೇಲೆ ಕ್ವಿಂಟಲ್‌ಗೆ 450 ರೂಪಾಯಿ ಸೇರಿಸಿ ಕೊಡಬೇಕಾಯಿತು. ಆ ದುಡ್ಡು ಯಾರದ್ದು? ನಿಮ್ಮದು, ನನ್ನದು.

ಸಭೆಗಳಲ್ಲಿ ಎಲ್ಲರೂ ಸುಮ್ನೆ "ಸುಂಕ ಹಾಕಿ, ಸುಂಕ ಹಾಕಿ" ಎಂದು ಕೂಗುತ್ತಾರೆ. ಅವರಿಗೆ ಒಂದು ವಿಷಯ ತಿಳಿಸಬೇಕು. ಮೊಜಾಂಬಿಕ್, ಮಲಾವಿ, ಟಾಂಜಾನಿಯಾ, ಮ್ಯಾನ್ಮಾರ್ ಎಲ್ಲವೂ ವಿಶ್ವಸಂಸ್ಥೆಯ ಲೆಕ್ಕದಲ್ಲಿ ಅತಿ ಹಿಂದುಳಿದ ದೇಶಗಳು. ಅಂಥ ದೇಶಗಳ ಮಾಲಿಗೆ ಭಾರತ 2008ರಿಂದಲೂ ಸುಂಕದಲ್ಲಿ ರಿಯಾಯಿತಿ ಕೊಡುತ್ತಿದೆ. ಹಾಗಾಗಿ ಶೇ 10ರ ಸುಂಕ ಇದ್ದಾಗಲೂ ತೊಗರಿ ಬರುವ ಮುಖ್ಯ ದೇಶಗಳಿಗೆ ಅದು ತಟ್ಟುತ್ತಿರಲಿಲ್ಲ. ತೊಗರಿಯ ವಿಷಯದಲ್ಲಿ ಕೆಲಸ ಮಾಡುವುದು ಎಷ್ಟು ಟನ್, ಯಾವ ತಿಂಗಳು ಎಂಬ ಎರಡೇ. ಘೋಷಣೆ ಕೂಗುವವರು ಇದನ್ನು ಕೇಳಿದರೆ ಉಪಯೋಗ ಇದೆ.

ಸುಂಕ ಕೆಲಸ ಮಾಡುವುದು ಹಳದಿ ಬಟಾಣಿಯಲ್ಲಿ, ಯಾಕೆಂದರೆ ಅದು ಬರುವುದು ಕೆನಡಾ, ರಷ್ಯಾದಂಥ ದೊಡ್ಡ ದೇಶಗಳಿಂದ. ಬಟಾಣಿಗೂ ತೊಗರಿಗೂ ಏನು ಸಂಬಂಧ ಎಂದು ಕೇಳಬೇಡಿ. ಅಗ್ಗದ ಬಟಾಣಿ ಬಂದರೆ ಕಡಲೆ ಹಿಟ್ಟಿಗೆ ಸೇರುತ್ತದೆ, ಹೋಟೆಲ್ ಸಾಂಬಾರಿಗೆ ಸೇರುತ್ತದೆ, ಕಡಲೆ ಇಳಿಯುತ್ತದೆ, ಅದರ ಹಿಂದೆ ತೊಗರಿಯೂ. 2017ರ ನವೆಂಬರ್‌ನಲ್ಲಿ ಅದಕ್ಕೆ ಶೇ 50 ಸುಂಕ ಹಾಕಿದ್ದರು. 2023ರ ಡಿಸೆಂಬರ್‌ನಲ್ಲಿ ಪೂರ್ತಿ ತೆಗೆದರು. ಮತ್ತೆ ಮತ್ತೆ ವಿಸ್ತರಿಸಿ 2026ರ ಮಾರ್ಚ್‌ವರೆಗೆ ಎಂದರು. ಅದು ಮುಗಿಯುವ ಮೊದಲೇ 2025ರ ನವೆಂಬರ್ 1ರಿಂದ ಶೇ 30 ಹಾಕಿದರು. ಹಾಕಿದ್ದು ಒಳ್ಳೆಯದೇ, ಆದರೆ ಅಷ್ಟರಲ್ಲಿ ಗೋದಾಮು ತುಂಬಿತ್ತು.

ಇದರಲ್ಲಿ ದೇಶ ದೇಶಗಳ ಸ್ನೇಹ, ಜಗಳ ಹೇಗೆ ಕೆಲಸ ಮಾಡುತ್ತದೆ ಎಂಬುದೂ ವಿಚಿತ್ರ. 2023ರ ಸೆಪ್ಟೆಂಬರ್‌ನಲ್ಲಿ ಭಾರತ, ಕೆನಡಾ ಜಗಳ ಮಾಡಿಕೊಂಡು ರಾಜತಾಂತ್ರಿಕರನ್ನು ಹೊರಗೆ ಹಾಕಿದವು, ವ್ಯಾಪಾರ ಮಾತುಕತೆ ನಿಂತಿತು, ವೀಸಾ ಕೂಡ ಕೆಲ ದಿನ ನಿಂತಿತು. ಮಸೂರ, ಬಟಾಣಿ ನಿಲ್ಲಲಿಲ್ಲ. ಈ ಕಡೆ ಕೆನಡಾ ಚೀನಾದ ವಿದ್ಯುತ್ ಕಾರುಗಳಿಗೆ ಶೇ 100 ಸುಂಕ ಹಾಕಿತು, ಅದಕ್ಕೆ ಚೀನಾ 2025ರ ಮಾರ್ಚ್‌ನಲ್ಲಿ ಕೆನಡಾದ ಬಟಾಣಿಗೆ ಶೇ 100 ಸುಂಕ ಹಾಕಿತು. ಚೀನಾಕ್ಕೆ ಹೋಗದ ಬಟಾಣಿ ಎಲ್ಲಿಗೆ ಬರಬೇಕು ಹೇಳಿ? ಆಗ ಸುಂಕವೇ ಇಲ್ಲದಿದ್ದ ನಮ್ಮ ಬಂದರಿಗೆ. ಕಾರಿನ ಜಗಳದ ಬಿಸಿ ಕಲಬುರಗಿ ಗಂಜ್‌ಗೆ ಬಂದು ಮುಟ್ಟುವ ದಾರಿ ಇದು.

ಯಾದಗಿರಿಯವರ ಕತೆ ಇನ್ನೂ ಖಡಕ್ ಇದೆ. ರಷ್ಯಾದಿಂದ ತೈಲ ಕೊಳ್ಳುತ್ತೀರಿ ಎಂದು ಅಮೆರಿಕ ನಮ್ಮ ಮಾಲಿನ ಮೇಲಿನ ಸುಂಕವನ್ನು 2025ರ ಆಗಸ್ಟ್ 27ರಿಂದ ಶೇ 50 ಮಾಡಿತು. ತಿರುಪ್ಪೂರಿನ ಬಟ್ಟೆ ಕಾರ್ಖಾನೆಗಳಿಗೆ ಪೆಟ್ಟು. ಅವರಿಗೆ ಅಗ್ಗದ ಹತ್ತಿ ಸಿಗಲಿ ಎಂದು ಕೇಂದ್ರ ಆಗಸ್ಟ್ 19ರಿಂದಲೇ ಹತ್ತಿಯ ಮೇಲಿದ್ದ ಶೇ 11 ಆಮದು ಸುಂಕ ತೆಗೆಯಿತು. ಮೊದಲು ಸೆಪ್ಟೆಂಬರ್ ಕೊನೆವರೆಗೆ, ಆಮೇಲೆ ಡಿಸೆಂಬರ್ 31ರವರೆಗೆ. ಶಹಾಪುರ, ಸುರಪುರದಲ್ಲಿ ಹತ್ತಿ ಬಿಡಿಸಿ ಮಾರುವುದು ಯಾವಾಗ? ಅದೇ ಅಕ್ಟೋಬರ್, ನವೆಂಬರ್, ಡಿಸೆಂಬರ್. ಬಿತ್ತಿದಾಗ ಸುಂಕ ಇತ್ತು, ಬಿಡಿಸಿದಾಗ ಇರಲಿಲ್ಲ. ಅಮೆರಿಕದ ಅಧ್ಯಕ್ಷರಿಗೆ ಪುಟಿನ್ ಮೇಲೆ ಸಿಟ್ಟು, ಸುರಪುರದ ಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳ ಕೂಲಿ ಕೊಡಲು ಮಾಲೀಕನಿಗೆ ಕಷ್ಟ. ತಿರುಪ್ಪೂರಿನ ಕೆಲಸಗಾರರಿಗೆ ಸಹಾಯ ಮಾಡಬಾರದು ಎಂದಲ್ಲ, ಖಂಡಿತ ಮಾಡಲಿ. ಅದನ್ನು ಖಜಾನೆಯಿಂದ ಮಾಡಲಿ. ಹತ್ತಿ ಬೆಳೆಗಾರನ ಜೇಬಿನಿಂದ ಯಾಕೆ?

ಬೀದರ್‌ನ ಸೋಯಾದವರಿಗೆ ಆಗಿದ್ದು ಎರಡೇ ದಿನದಲ್ಲಿ. 2025ರ ಮೇ 28ರಂದು ಕೇಂದ್ರ ಸಚಿವ ಸಂಪುಟ ಸೋಯಾಬೀನ್ ಬೆಂಬಲ ಬೆಲೆಯನ್ನು 436 ರೂಪಾಯಿ ಏರಿಸಿ 5,328 ಮಾಡಿತು. ಎಲ್ಲ ಪತ್ರಿಕೆಯಲ್ಲೂ ದೊಡ್ಡ ಸುದ್ದಿ. ಮೇ 30ರಂದು ಕಚ್ಚಾ ತಾಳೆ ಎಣ್ಣೆ, ಸೋಯಾ ಎಣ್ಣೆ, ಸೂರ್ಯಕಾಂತಿ ಎಣ್ಣೆಯ ಮೂಲ ಸುಂಕವನ್ನು ಶೇ 20ರಿಂದ 10ಕ್ಕೆ ಇಳಿಸಿದರು. ಇಂಡೋನೇಷ್ಯಾ, ಮಲೇಷ್ಯಾ, ಅರ್ಜೆಂಟೀನಾದ ಎಣ್ಣೆ ಅಗ್ಗವಾದರೆ ಇಲ್ಲಿಯ ಸೋಯಾಕ್ಕೆ ದರ ಎಲ್ಲಿಂದ ಬರಬೇಕು? ಭಾಲ್ಕಿ, ಔರಾದ್ ಕಡೆಯ ರೈತ ಮೇ 28ರ ಸುದ್ದಿ ಓದಿ ಬೀಜ ತಂದ, ಮೇ 30ರದ್ದು ಅವನ ಕಣ್ಣಿಗೆ ಬೀಳಲೇ ಇಲ್ಲ. ಒಂದು ಕೈಯಲ್ಲಿ ನೀರು ಹಾಯಿಸುತ್ತಾ ಇನ್ನೊಂದು ಕೈಯಲ್ಲಿ ಒಡ್ಡು ಕಡಿಯುವ ಕೆಲಸ ಇದು.

ಮಾತಿಗೆ ಮಾತ್ರ ಕೊರತೆ ಇಲ್ಲ. 2027ರ ಡಿಸೆಂಬರ್ ಹೊತ್ತಿಗೆ ಬೇಳೆಕಾಳಿನಲ್ಲಿ ಸ್ವಾವಲಂಬಿ ಆಗುತ್ತೇವೆ, 2028ರಿಂದ ಒಂದು ಕಿಲೋ ಕೂಡ ತರಿಸುವುದಿಲ್ಲ ಎಂದು 2024ರ ಜನವರಿಯಲ್ಲಿ ಕೇಂದ್ರ ಗೃಹ ಮತ್ತು ಸಹಕಾರ ಸಚಿವರೇ ಹೇಳಿದ್ದರು. 2025ರ ಅಕ್ಟೋಬರ್‌ನಲ್ಲಿ 11,440 ಕೋಟಿ ರೂಪಾಯಿಯ ಬೇಳೆಕಾಳು ಸ್ವಾವಲಂಬನೆ ಮಿಷನ್ ಬಂತು, ಗುರಿ ಈಗ 2030-31. ತೊಗರಿ, ಉದ್ದು, ಮಸೂರವನ್ನು ನಾಲ್ಕು ವರ್ಷ ನೋಂದಾಯಿಸಿದ ರೈತರಿಂದ ಪೂರ್ತಿ ಖರೀದಿ ಮಾಡುತ್ತೇವೆ ಎಂಬ ಭರವಸೆಯೂ ಅದರಲ್ಲಿದೆ. ಚೆನ್ನಾಗಿದೆ. ಆದರೆ ಸ್ವಾವಲಂಬನೆಯ ಗುರಿ ಇಟ್ಟುಕೊಂಡ ಸರ್ಕಾರವೇ ವರ್ಷಕ್ಕೆ 12 ಲಕ್ಷ ಟನ್ ತೊಗರಿಗೆ ಬಾಗಿಲು ತೆರೆದಿಟ್ಟರೆ ಬಿತ್ತುವವನು ಯಾವುದನ್ನು ನಂಬಬೇಕು? ಮೂರು ವರ್ಷ ನಷ್ಟ ಕಂಡವನು ಕಬ್ಬಿಗೆ ಹೋಗುತ್ತಾನೆ. ಅಫಜಲಪುರದಲ್ಲಿ, ಆಳಂದದಲ್ಲಿ ನೀರಿದ್ದವರು ಹೋಗಿಯೂ ಆಗಿದೆ. ಆಮೇಲೆ ಇನ್ನೊಂದು 2015 ಬಂದರೆ ಮತ್ತೆ ಮೊಜಾಂಬಿಕ್ ರಾಜಧಾನಿ ಮಪುಟೊಗೆ ವಿಮಾನ.

ನಾನು ಕೇಳುವುದು ದೊಡ್ಡದಲ್ಲ. ಕೇಂದ್ರ ಸರ್ಕಾರ ಮುಂಗಾರು ಬೆಳೆಗಳ ಬೆಂಬಲ ಬೆಲೆ ಹೇಳುವುದು ಮೇ ಕೊನೆಗೆ ಅಥವಾ ಜೂನ್‌ನಲ್ಲಿ. ಅದೇ ದಿನ, ಅದೇ ಕಾಗದದಲ್ಲಿ, ಅದೇ ಬೆಳೆಯ ಮುಂದೆ ಆ ವರ್ಷದ ಆಮದನ್ನೂ ಬರೆಯಲಿ. ತೊಗರಿ ಬೆಂಬಲ ಬೆಲೆ ಇಷ್ಟು, ಒಪ್ಪಂದದಂತೆ ಬರುವುದು ಇಷ್ಟು ಟನ್, ಅದರ ಮೇಲೆ ಬರುವುದು ಇಷ್ಟು, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ. ಹತ್ತಿಗೆ, ಸೋಯಾಕ್ಕೆ ಸುಂಕ ಇಷ್ಟು, ಮುಂದಿನ ಮೇವರೆಗೆ ಬದಲಿಲ್ಲ. ಅದನ್ನು ನೋಡಿ ನಾವು ಎಷ್ಟು ಎಕರೆ ಬಿತ್ತಬೇಕೆಂದು ನಿರ್ಧಾರ ಮಾಡುತ್ತೇವೆ, ದರ ಬಿದ್ದರೆ ನಮ್ಮ ಹಣೆಬರಹ ಅಂದುಕೊಳ್ಳುತ್ತೇವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ನಮ್ಮ ಮಾಲು ಗಂಜ್‌ಗೆ ಬರುವ ಕಾಲದಲ್ಲಿ, ಆಮದು ಸಡಿಲಿಸುವ ಹೊಸ ಆದೇಶ ಬೇಡ. ಬರಗಾಲ ಬಂದರೆ ಏನು ಮಾಡುವುದು ಎಂದು ಕೇಳುತ್ತಾರೆ. ಬರಲಿ, ತರಿಸಲಿ, ಆದರೆ ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಇಷ್ಟು ಮೇಲೆ ಹೋದರೆ ಮಾತ್ರ ಎಂದು ಮೊದಲೇ ಗೆರೆ ಎಳೆದಿಡಲಿ. ಕೆಳಗೆ ಹೋದರೆ ತಾನಾಗಿಯೇ ನಿಲ್ಲಲಿ. ಕಡತ ಹಿಡಿದುಕೊಂಡು ನಾವು ಯಾರ ಮನೆ ಬಾಗಿಲಿಗೂ ಹೋಗುವ ಹಾಗೆ ಆಗಬಾರದು.

ದಾಲ್ ಮಿಲ್‌ನವರು ಇದಕ್ಕೆ ಒಪ್ಪುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಲಬುರಗಿಯಲ್ಲಿ ಎಷ್ಟೋ ಮಿಲ್‌ಗಳು ಬಾಗಿಲು ಹಾಕಿವೆ. ಹೊರಗಿನ ಮಾಲು ಬಂದರಿನಲ್ಲಿ ಇಳಿದರೆ ಬಂದರಿನ ಹತ್ತಿರದ ಮಿಲ್‌ಗೆ ಲಾಭ, ಸಮುದ್ರದಿಂದ ಇಷ್ಟು ದೂರ ಇರುವ ನಮ್ಮೂರ ಮಿಲ್‌ಗೆ ಬಾಡಿಗೆಯೇ ಹೊರೆ. ನಮ್ಮ ತೊಗರಿ ಉಳಿದರೆ ನಮ್ಮ ಮಿಲ್ಲೂ ಉಳಿಯುತ್ತದೆ. ಈ ವಿಷಯದಲ್ಲಾದರೂ ಇಬ್ಬರೂ ಒಂದೇ ಟ್ರ್ಯಾಕ್ಟರ್ ಹತ್ತಬಹುದು. 2023ರಲ್ಲಿ, 2024ರಲ್ಲಿ ದಾಸ್ತಾನು ಮಿತಿ ಹಾಕಿ ಅಧಿಕಾರಿಗಳು ಅವರ ಗೋದಾಮಿಗೂ ಬಂದಿದ್ದರಲ್ಲ, ದಿಢೀರ್ ಆದೇಶದ ರುಚಿ ಅವರಿಗೂ ಗೊತ್ತು.

ಮೂರೂ ದೇಶಗಳ ತೊಗರಿ ಒಪ್ಪಂದ ಇದ್ದದ್ದು 2025-26ರ ಆರ್ಥಿಕ ವರ್ಷಕ್ಕೆ, ಅಂದರೆ 2026ರ ಮಾರ್ಚ್‌ವರೆಗೆ. 2025ರ ಆದೇಶದಲ್ಲಿ ಮುಕ್ತ ಆಮದಿನ ಅವಧಿಯೂ ಅದೇ ಮಾರ್ಚ್ 31ರವರೆಗೆ ಇತ್ತು. ಅಂದರೆ ಅದರ ಮುಂದಿನದೆಲ್ಲ ಹೊಸದಾಗಿ ಬರೆಯಬೇಕಾದದ್ದು. ಬಹುಶಃ ಈಗಾಗಲೇ ಯಾವುದೋ ಮೇಜಿನ ಮೇಲೆ ಬರೆದೂ ಇರಬಹುದು. ಒಪ್ಪಂದ ಮುಂದುವರಿಸುವುದಾದರೆ ಮುಂದುವರಿಸಲಿ, ಆದರೆ ಅದಕ್ಕೆ ಮೊದಲು ವಾಣಿಜ್ಯ ಮತ್ತು ಕೃಷಿ ಸಚಿವಾಲಯದವರು ಕಲಬುರಗಿಗೆ ಬಂದು ತೊಗರಿ ಅಭಿವೃದ್ಧಿ ಮಂಡಳಿಯ ಕಚೇರಿಯಲ್ಲೋ ಎಪಿಎಂಸಿ ಅಂಗಳದಲ್ಲೋ ಒಂದು ದಿನ ಕೂರಲಿ. ರಾಜ್ಯದ ಕೃಷಿ ಸಚಿವರೂ ಬರಲಿ, ಎಷ್ಟು ಟನ್‌ಗೆ ಒಪ್ಪಿಗೆ, ಎಷ್ಟಕ್ಕೆ ಇಲ್ಲ ಎಂದು ಬರೆದು ಕೊಡಲಿ. ಬೀದರ್, ಕಲಬುರಗಿ, ರಾಯಚೂರು ಮೂವರೂ ಸಂಸದರು ಬಜೆಟ್ ಅಧಿವೇಶನದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಒಪ್ಪಂದ ಮೂರೂವರೆ ಲಕ್ಷ ಟನ್‌ಗೆ ಇರುವಾಗ 12 ಲಕ್ಷ ಟನ್ ಯಾಕೆ ಬಂತು, ಯಾರು ಕೇಳಿದ್ದರು? ಕಲಬುರಗಿ, ಯಾದಗಿರಿ ಜಿಲ್ಲೆಯ ತಾಲ್ಲೂಕುಗಳು ಇವರ ಕ್ಷೇತ್ರಗಳಲ್ಲೇ ಹಂಚಿಹೋಗಿವೆ, ನಮ್ಮದಲ್ಲ ಎಂದು ಯಾರೂ ಜಾರಿಕೊಳ್ಳುವ ಹಾಗಿಲ್ಲ. ಉತ್ತರ ಬಂದರೆ ನೀವು ದಯವಿಟ್ಟು ಪೂರ್ತಿ ಅಚ್ಚು ಮಾಡಿ, ಜಿಲ್ಲಾ ಪುಟದಲ್ಲಿ, ಗಂಜ್ ದರದ ಪಕ್ಕದಲ್ಲೇ. ರೋಹಿಣಿ ಮಳೆಗೆ ಬೀಜ ತರಲು ಹೋಗುವ ಮೊದಲು ನಮಗೆ ಅದು ಓದಲು ಸಿಗಬೇಕು.

ಇಂತಿ,
ಒಬ್ಬ ತೊಗರಿ ಬೆಳೆಗಾರ
ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ